ಮನೆಯ ಆರೋಗ್ಯ: ಶೋಧನದ್ರವವೂ ಹೃದಯವೂ

ನಮ್ಮ ಪತ್ರಿಕೆಯನ್ನು ಬಹುಕಾಲದಿಂದ ಓದುತ್ತಿರುವ ಸೋದರಿಯೊಬ್ಬರು ಈಚೆಗೆ ಕಾಗದ ಬರೆದು ಒಂದು ಸಂದೇಹವನ್ನು ಕೇಳಿರುವರು. ಅವರ ಯಜಮಾನರಿಗೆ ಎರಡು ಮೂತ್ರಪಿಂಡಗಳೂ ಕೆಟ್ಟು, ವಾರಕ್ಕೆ ಮೂರು ಸಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಮೂಲಕ ರಕ್ತವನ್ನು ಶೋಧಿಸಬೇಕಾಗಿದೆ. ಪೊಟ್ಯಾಸಿಯಂ ಎಂಬ ಲವಣವು ಅವರ ಪಾಲಿಗೆ ವಿಷವೆಂದು ಹೇಳಿ ವೈದ್ಯರು ಎಳನೀರನ್ನೂ ಬಾಳೆಯ ಹಣ್ಣನ್ನೂ ಬಿಡಿಸಿರುವರು. ಹೀಗಿರಲು, ಹೋದ ತಿಂಗಳು ಎದೆಬಡಿತದಲ್ಲಿ ಏರುಪೇರು ಕಂಡಾಗ ಅದೇ ವೈದ್ಯರು ಯಂತ್ರದ ದ್ರವದಲ್ಲಿ ಪೊಟ್ಯಾಸಿಯಂ ಪ್ರಮಾಣವನ್ನು 2ರಿಂದ 3ಕ್ಕೆ ಏರಿಸಿದರಂತೆ. ಬಾಯಿಂದ ಹೋಗಬಾರದೆಂದ ವಸ್ತುವನ್ನು ಯಂತ್ರದಿಂದ ಕೊಡುವುದು ಯಾವ ನ್ಯಾಯವೆಂದು ಸೋದರಿಯವರು ಕೇಳುತ್ತಾರೆ. ನಿದ್ದೆಗೆಟ್ಟು ಬರೆದ ಕಾಗದವೆಂಬುದು ಅಕ್ಷರದಲ್ಲಿಯೇ ಕಾಣುವುದು. ಪ್ರಶ್ನೆಯಂತೂ ಸರಿಯಾದುದೇ.

ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಅಡಿಗೆಗೆ ಮೊದಲು ತಿಳಿನೀರಿನಲ್ಲಿ ನೆನೆಯಿಡುವುದನ್ನು ಕರಾವಳಿಯ ಗೃಹಿಣಿಯರೆಲ್ಲರೂ ಬಲ್ಲರು. ಸೊಳೆಯ ಉಪ್ಪು ನೀರಿಗೆ ಬಿಟ್ಟುಕೊಳ್ಳುವುದು. ಆ ನೀರಿಗೆ ಮೊದಲೇ ಸ್ವಲ್ಪ ಉಪ್ಪು ಸೇರಿಸಿದ್ದರೆ ಬಿಡುವ ವೇಗವೂ ಪ್ರಮಾಣವೂ ಕಡಿಮೆ. ಆದರೂ ಬಿಡುವುದು ನಿಲ್ಲದು. ಡಯಾಲಿಸಿಸ್ಸಿನ ಮರ್ಮವೂ ಇಷ್ಟೆ. ತೆಳುವಾದ ಪೊರೆಯ ಒಂದು ಮಗ್ಗುಲಲ್ಲಿ ರಕ್ತ, ಇನ್ನೊಂದು ಮಗ್ಗುಲಲ್ಲಿ ಲವಣಗಳನ್ನು ಅಳೆದು ಬೆರಸಿದ ದ್ರವ. 1943ರಲ್ಲಿ, ಹಾಲೆಂಡ್ ದೇಶವು ಜರ್ಮನರ ವಶದಲ್ಲಿದ್ದಾಗ, ಕಾಂಪೆನ್ ಎಂಬ ಊರಿನ ವೈದ್ಯ ವಿಲ್ಲೆಂ ಕೋಲ್ಫ್ ಎಂಬವರು ಸೆಲ್ಲೊಫೇನ್ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ ಈ ಕೆಲಸವನ್ನು ಮಾಡಿತೋರಿಸಿದರು. ಮೊದಲಿನ ರೋಗಿಗಳು ಬಹುಮಟ್ಟಿಗೆ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ವೃದ್ಧೆ ಉಳಿದಳು. ಇಂದಿನ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಂತೆ ನಾಲ್ಕು ಗಂಟೆಗಳಲ್ಲಿ 120 ಲೀಟರ್ ದ್ರವವು ರೋಗಿಯ ರಕ್ತದ ಪಕ್ಕದಲ್ಲಿ ಹರಿದುಹೋಗುವುದು. ಇಷ್ಟು ದ್ರವದಲ್ಲಿ ಏನು ಎಷ್ಟಿರಬೇಕೆಂಬುದು ಸಣ್ಣ ಮಾತಲ್ಲ.

ಆರೋಗ್ಯವಂತರ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇರುವುದು. ಶೋಧನೆಗೆ ಬರುವ ರೋಗಿಯಲ್ಲಿ ಅದು 6ನ್ನು ಮುಟ್ಟಿರಬಹುದು. ಹೆಚ್ಚಾದರೆ ಹೃದಯವು ನಿಂತೀತು, ನಿಜ. ಆದರೆ ಹೃದಯದ ಬಡಿತವು ಜೀವಕಣಗಳ ಒಳಗಿನ ಮತ್ತು ಹೊರಗಿನ ಪೊಟ್ಯಾಸಿಯಂಗಳ ಅಂತರವನ್ನು ಅವಲಂಬಿಸಿರುವುದರಿಂದ, ಆ ಅಂತರವು ಗಂಟೆಯೊಳಗೆ ಥಟ್ಟನೆ ಬದಲಾದರೂ ಲಯ ತಪ್ಪುವುದು. ದ್ರವದಲ್ಲಿ ಪೊಟ್ಯಾಸಿಯಂ ಇಲ್ಲದಿದ್ದರೆ ಅಥವಾ 1 ಮಾತ್ರ ಇದ್ದರೆ ಸೆಳೆತ ಬಲವಾಗುವುದು. ಶೋಧನಕೇಂದ್ರಗಳಲ್ಲಿ ಹೃದಯವು ಹಠಾತ್ತನೆ ನಿಂತ ಪ್ರಸಂಗಗಳನ್ನು ಕುರಿತು 2001ರಲ್ಲಿ ಅಮೆರಿಕದಿಂದ ಹೊರಟ ವರದಿಯೊಂದರಲ್ಲಿ, ಹಾಗೆ ಆದವರ ಪೈಕಿ ನೂರಕ್ಕೆ ಸುಮಾರು 17 ಮಂದಿ ಇಂಥ ದ್ರವದಲ್ಲಿದ್ದರು; ಇತರ ರೋಗಿಗಳಲ್ಲಿ ನೂರಕ್ಕೆ 9 ಮಾತ್ರ. ದ್ರವದಲ್ಲಿ 3 ಇದ್ದಾಗ 5.5 ಇರುವ ರಕ್ತದಿಂದ ಪೊಟ್ಯಾಸಿಯಂ ಹೊರಹೋಗುತ್ತಲೇ ಇರುವುದು, ಮೆಲ್ಲನೆ. ಆದುದರಿಂದ ಸೋದರಿಯ ಯಜಮಾನರಿಗೆ ಯಂತ್ರವು ಪೊಟ್ಯಾಸಿಯಂ ಕೊಡುತ್ತಿಲ್ಲ. ತೆಗೆಯುವ ವೇಗವನ್ನು ವೈದ್ಯರು ತಗ್ಗಿಸಿರುವರು, ಅಷ್ಟೆ. ಎಲ್ಲರಿಗೂ 3 ಒಳ್ಳೆಯದೆಂದು ಇದರಿಂದ ಯಾರೂ ಭಾವಿಸಬಾರದು. ಶೋಧನೆಗೆ ಮುಂಚೆ ರಕ್ತದಲ್ಲಿ ಎಷ್ಟಿದೆಯೆಂಬುದನ್ನು ನೋಡಿಯೇ ನಿರ್ಣಯಿಸತಕ್ಕದ್ದು. ಬಹಳ ಹೆಚ್ಚಿದ್ದವರಿಗೆ 2 ಬೇಕಾಗುವುದು.

ಸುಣ್ಣದ ಅಂಶವಾದ ಕ್ಯಾಲ್ಸಿಯಂ ವಿಷಯದಲ್ಲಿಯೂ ಇಕ್ಕಟ್ಟುಂಟು. ದ್ರವದಲ್ಲಿ ಕಡಿಮೆಯಾದರೆ ಬಡಿತದ ಲಯ ಕೆಡುವ ಭಯ. ಹೆಚ್ಚಾಗಿ ವರ್ಷಗಟ್ಟಲೆ ನಡೆದರೆ ರಕ್ತನಾಳಗಳ ಗೋಡೆಯಲ್ಲಿ ಸುಣ್ಣ ಕಟ್ಟುವ ಭಯ. ಸಾಮಾನ್ಯವಾಗಿ 1.25ರಿಂದ 1.5ರವರೆಗೆ ಇಡುವರು.

ಕ್ಷಾರದ ಕಥೆಯು ಇದಕ್ಕಿಂತ ಸ್ವಾರಸ್ಯವಾಗಿದೆ. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಆಮ್ಲ ಸೇರುವುದರಿಂದ ದ್ರವದಲ್ಲಿ ಬೈಕಾರ್ಬೊನೇಟ್ ಬೇಕು. ಅಡಿಗೆಮನೆಯ ಸೋಡಾಪುಡಿಯೂ ಅದೇ. ಆದರೆ ಅದನ್ನೂ ಕ್ಯಾಲ್ಸಿಯಮನ್ನೂ ಒಂದೇ ಪಾತ್ರೆಯಲ್ಲಿ ಗಟ್ಟಿಯಾಗಿ ಬೆರಸಿಟ್ಟರೆ ಬಿಸಿನೀರ ಹಂಡೆಯ ತಳದಲ್ಲಿ ಕಟ್ಟುವ ಹಿಟ್ಟೆಯಂತೆ ಸುಣ್ಣ ಕೂರುವುದು. ಈ ತೊಡಕನ್ನು ತಪ್ಪಿಸಲು 1964ರ ಸುಮಾರಿನಿಂದ ಅಸಿಟೇಟ್ ಎಂಬ ಲವಣವನ್ನು ಬಳಸತೊಡಗಿದರು. ಅದು ದೇಹದಲ್ಲಿ ಬೈಕಾರ್ಬೊನೇಟ್ ಆಗಿ ಮಾರ್ಪಡುವುದು. ಅನುಕೂಲವೇನೋ ಆಯಿತು. ಆದರೆ ಅಸಿಟೇಟ್ ರಕ್ತನಾಳಗಳನ್ನು ಸಡಿಲಿಸಿ ರಕ್ತದೊತ್ತಡವನ್ನು ಇಳಿಸುವುದೆಂದೂ, ಹೃದಯವನ್ನು ದುರ್ಬಲಗೊಳಿಸುವುದೆಂದೂ ಕ್ರಮೇಣ ಗೊತ್ತಾಯಿತು. ಎರಡು ಬೇರೆ ಡಬ್ಬಿಗಳಿಂದ ಎಳೆದು ಆಗಿಂದಾಗಲೇ ಬೆರಸುವ ಯಂತ್ರಗಳು ಬಂದ ಮೇಲೆ, 1980ರ ದಶಕದಲ್ಲಿ, ಬೈಕಾರ್ಬೊನೇಟ್ ತನ್ನ ಸ್ಥಾನಕ್ಕೆ ಮರಳಿತು. ಯಂತ್ರದ ಕೆಳಗೆ ಎರಡು ಡಬ್ಬಿಗಳಿರುವುದನ್ನು ಸೋದರಿಯವರು ನೋಡಿರಬಹುದು, ಕಾರಣವಿದು. ಬೈಕಾರ್ಬೊನೇಟ್ ಸಹ ಅತಿಯಾಗಬಾರದು. ಅದು ಪೊಟ್ಯಾಸಿಯಮನ್ನು ಜೀವಕಣಗಳೊಳಕ್ಕೆ ನೂಕಿ ರಕ್ತದಲ್ಲಿ ಮತ್ತಷ್ಟು ಇಳಿಸುವುದು.

ಸೋಡಿಯಂ ತಗ್ಗಿಸಿದರೆ ಬಾಯಾರಿಕೆಯೂ ಮೈಯಲ್ಲಿ ನೀರು ಸೇರುವುದೂ ಕಡಿಮೆ, ಆದರೆ ಶೋಧನೆಯ ನಡುವೆ ಒತ್ತಡ ಕುಸಿಯುವುದು ಹೆಚ್ಚು. ದ್ರವವನ್ನು ತುಸು ತಣ್ಣಗಿಟ್ಟರೆ ಹೃದಯಕ್ಕೆ ರಕ್ಷೆಯೆಂದು ಹಲವರು ನಂಬಿದ್ದರು. ಕೆನಡಾದ ಆಂಟಾರಿಯೋ ಪ್ರಾಂತದ 84 ಕೇಂದ್ರಗಳಲ್ಲಿ 15,000ಕ್ಕೂ ಹೆಚ್ಚು ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2022ರಲ್ಲಿ ಫಲವನ್ನು ಪ್ರಕಟಿಸಿದರು: ಹೃದಯರೋಗದಿಂದ ಆಗುವ ಸಾವಿಗಾಗಲಿ ಆಸ್ಪತ್ರೆವಾಸಕ್ಕಾಗಲಿ ಕಡಿಮೆಯಿಲ್ಲ, ರೋಗಿಗಳಿಗೆ ಚಳಿ ಮಾತ್ರ ಹೆಚ್ಚು. ಯುಕ್ತಿಗೆ ಒಪ್ಪಿದ್ದೆಲ್ಲ ಮೈಗೆ ಒಪ್ಪಬೇಕೆಂದಿಲ್ಲವಷ್ಟೆ.

ದ್ರವವನ್ನು ಎಷ್ಟು ಚೆನ್ನಾಗಿ ಅಳೆದರೂ ನಡುವಣ ದಿನಗಳ ಭಾರವು ಮನೆಯವರ ಮೇಲೆಯೇ ಇದೆ. ವಾರಕ್ಕೆ ಮೂರು ಸಾರಿ ಶೋಧನೆಯಾಗುವವರಲ್ಲಿ, ಎರಡು ದಿನಗಳ ಬಿಡುವು ಮುಗಿದ ಮಾರನೆಯ ದಿನವೇ ಮರಣಗಳು ಹೆಚ್ಚೆಂಬುದನ್ನು ಅಮೆರಿಕದಲ್ಲಿ 32,000 ರೋಗಿಗಳ ಲೆಕ್ಕವನ್ನು ನೋಡಿ 2011ರಲ್ಲಿ ತಿಳಿಸಿರುವರು. ನಮ್ಮ ದೇಶದಲ್ಲಿ ವಾರಕ್ಕೆ ಎರಡೇ ಸಾರಿ ಹೋಗುವವರು ಅನೇಕರಿದ್ದಾರೆ; ಅವರ ಬಿಡುವು ಇನ್ನೂ ದೀರ್ಘ. ಭಾನುವಾರದ ಊಟದಲ್ಲಿಯೇ ಎಚ್ಚರ ಹೆಚ್ಚು ಬೇಕು. ಹಪ್ಪಳ, ಉಪ್ಪಿನಕಾಯಿ ಬೇಡ. ಸೋಡಿಯಂ ಕಡಿಮೆಯೆಂದು ಅಂಗಡಿಯಲ್ಲಿ ಮಾರುವ ಉಪ್ಪಂತೂ ಕೂಡದು; ಅದರಲ್ಲಿ ಸೋಡಿಯಮಿನ ಬದಲಿಗೆ ಪೊಟ್ಯಾಸಿಯಮನ್ನೇ ಬೆರಸಿರುವರು. ವಾಂತಿಭೇದಿಯಾಗಿದ್ದರೆ, ಅಥವಾ ರೋಗಿಯು ಎರಡು ದಿನ ಸರಿಯಾಗಿ ಉಣ್ಣದಿದ್ದರೆ, ಯಂತ್ರಕ್ಕೆ ಹಾಕುವ ಮುನ್ನ ಅದನ್ನು ವೈದ್ಯರಿಗೆ ಹೇಳತಕ್ಕದ್ದು. ಅಂಥ ದಿನ ಮಾಮೂಲಿನ ದ್ರವವು ಸರಿಹೋಗದೆ ಇರಬಹುದು.

ದ್ರವವು 3ಕ್ಕೆ ಏರಿದ ಮೇಲೆ ಯಜಮಾನರಿಗೆ ಆಸೆಪಡುವಾಗ ಒಂದು ಲೋಟ ಎಳನೀರು ಕೊಡಬಹುದೇ ಎಂದು ಸೋದರಿಯವರು ಕಾಗದದ ಕೊನೆಯಲ್ಲಿ ಕೇಳಿರುವರು. ಕೊಡಲಾಗದೆಂದು ಬರೆಯಲು ನಮಗೂ ಕಷ್ಟವೇ. ಹೊರಹೋಗುವುದು ಈಗ ಮೊದಲಿಗಿಂತ ನಿಧಾನವಾದುದರಿಂದ ಒಳಹೋಗುವುದನ್ನು ಮೊದಲಿಗಿಂತಲೂ ಬಿಗಿಹಿಡಿಯಬೇಕಾಗಿದೆ. ಬಾಯಾರಿದಾಗ ದಿನದ ನೀರಿನ ಲೆಕ್ಕದೊಳಗೆ ಒಂದು ಚೂರು ಮಂಜುಗಡ್ಡೆಯನ್ನು ಚೀಪಲು ಕೊಟ್ಟು ನೋಡಲಿ.