ಎದೆಯ ಮೇಲೆ ಯಾರ ಹೆಸರು?

ಬೇಸಿಗೆಯ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಯಾವ ಬಜಾರಿಗೆ ಹೋದರೂ ಒಂದೇ ದೃಶ್ಯ ಕಾಣುತ್ತದೆ. ರಸ್ತೆ ಬದಿಯಲ್ಲಿ ಹಗ್ಗ ಕಟ್ಟಿ ಕೆಂಪು-ಕಪ್ಪು ಬಣ್ಣದ ಅಂಗಿಗಳನ್ನು ತೂಗುಹಾಕಿರುತ್ತಾರೆ. ಬೆನ್ನ ಮೇಲೆ ಕೊಹ್ಲಿಯ ಹೆಸರು, ಅದರ ಕೆಳಗೆ 18. ನಕಲಿಯಾದರೆ ಕೆಲವು ನೂರು ರೂಪಾಯಿ. ಕಂಪನಿಯ ಅಸಲಿಯೇ ಬೇಕೆಂದರೆ ಅದರ ಹಲವು ಪಟ್ಟು. 2025ರ ಐಪಿಎಲ್ ಪಂದ್ಯಾವಳಿ ಮಾರ್ಚ್ 22ರಂದು ಆರಂಭವಾಯಿತು. ಆಗ ರಮಝಾನಿನ ಕೊನೆಯ ಹತ್ತು ದಿನಗಳು ಶುರುವಾಗಿದ್ದವು. ಈದ್‌ನ ಬಟ್ಟೆ ಖರೀದಿಸುವ ದಿನಗಳೂ ಅವೇ. ಕುರ್ತಾ ಬೇಡ, ಜೆರ್ಸಿಯೇ ಬೇಕೆಂದು ಹಟ ಹಿಡಿದ ಮಕ್ಕಳು ನಮ್ಮ ಮನೆಗಳಲ್ಲಿಯೇ ಇದ್ದರು. ಕೊಡಿಸಿದವರೂ ನಾವೇ.

ನಾವು ಆಟದ ವಿರೋಧಿಗಳಲ್ಲ. ಪ್ರವಾದಿ ಮುಹಮ್ಮದ್(ಸ)ರು ಪತ್ನಿ ಆಯಿಷಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದವರು, ಬಿಲ್ಲುಗಾರಿಕೆ ಮತ್ತು ಕುದುರೆ ಸವಾರಿಯನ್ನು ಪ್ರೋತ್ಸಾಹಿಸಿದವರು. ಬಣ್ಣದ ಅಂಗಿ ತೊಟ್ಟು ಸಂತೋಷಪಡುವ ಎಂಟು ವರ್ಷದ ಮಗುವನ್ನು ಗದರಿಸುವ ಉದ್ದೇಶವೂ ನಮಗಿಲ್ಲ. ನಮ್ಮ ಪ್ರಶ್ನೆ ಹಿರಿಯರಿಗೆ, ಅಂದರೆ ನಮಗೇ. ಈ ಅಂಗಿಯ ಮೇಲೆ ಅಷ್ಟೊಂದು ಮೋಹ ಏಕೆ? ಆ ಮೋಹದಿಂದ ಯಾರ ಜೇಬು ತುಂಬುತ್ತಿದೆ? ನಮ್ಮ ಮಗ ಯಾರ ಹೆಸರನ್ನು ಎದೆಯ ಮೇಲೆ ಹೊತ್ತು ತಿರುಗುತ್ತಿದ್ದಾನೆ?

ಮೊದಲ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಉತ್ತರ ಹುಡುಕಿದ್ದಾರೆ. ಅಮೆರಿಕದ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸೋಮವಾರ ತರಗತಿಗೆ ಏನು ತೊಟ್ಟು ಬರುತ್ತಾರೆಂದು ಅವರು ಎಣಿಸಿದರು. ವಾರಾಂತ್ಯದಲ್ಲಿ ತಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದಿದ್ದರೆ ಅದರ ಹೆಸರು, ಲಾಂಛನಗಳುಳ್ಳ ಬಟ್ಟೆ ತೊಟ್ಟವರ ಸಂಖ್ಯೆ ಹೆಚ್ಚಾಗಿತ್ತು. ಗೆಲುವಿನ ಬಗ್ಗೆ ಮಾತನಾಡುವಾಗ ‘ನಾವು’ ಎಂಬ ಪದವೂ ಅವರ ಬಾಯಲ್ಲಿ ಹೆಚ್ಚು ಬರುತ್ತಿತ್ತು. ಸೋಲಿನ ಬಗ್ಗೆ ಹೇಳುವಾಗ ಅದು ಕಡಿಮೆಯಾಗುತ್ತಿತ್ತು. ಬೇರೆಯವರ ಗೆಲುವಿನ ಬೆಳಕಿನಲ್ಲಿ ತಾನೂ ಬೆಳಗಬೇಕೆಂಬುದು ಮನುಷ್ಯನ ಸಹಜ ಆಸೆ. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಯ ಜೀವಾಳವೂ ‘ನಮ್ದೇ’ ಎಂಬ ಒಂದು ಮಾತಿನಲ್ಲಿದೆ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಶಾಲೆ ಬಿಟ್ಟ ಹುಡುಗ, ತಂದೆಯೊಂದಿಗೆ ಬೆಂಗಳೂರಿಗೆ ಗುಳೆ ಹೋದ ಹುಡುಗ, ‘ನಮ್ಮದು’ ಎನ್ನಲು ಏನೂ ಇಲ್ಲದ ಹುಡುಗ, ಆ ಅಂಗಿ ತೊಟ್ಟಾಗ ಲಕ್ಷಾಂತರ ಮಂದಿಯಲ್ಲಿ ಒಬ್ಬನಾಗುತ್ತಾನೆ. ಅವನ ಹಸಿವು ನಿಜವಾದದ್ದು. ಅದನ್ನು ಹೀಯಾಳಿಸುವವರು ಅವನನ್ನು ಅರಿತಿಲ್ಲ.

ಆದರೆ ಆ ಹಸಿವನ್ನು ಅರಿತ ವ್ಯಾಪಾರಿ ಅವನಿಗೆ ಏನನ್ನು ಮಾರುತ್ತಿದ್ದಾನೆ? 2008ರಲ್ಲಿ ಐಪಿಎಲ್ ತಂಡಗಳ ಹರಾಜು ನಡೆದಾಗ ಬೆಂಗಳೂರಿನ ತಂಡವನ್ನು ಮದ್ಯದ ಉದ್ಯಮಿ ವಿಜಯ್ ಮಲ್ಯ ಅವರ ಸಂಸ್ಥೆಯು 11.16 ಕೋಟಿ ಡಾಲರ್‌ಗೆ ಪಡೆಯಿತು. ತಂಡಕ್ಕೆ ಇಟ್ಟ ‘ರಾಯಲ್ ಚಾಲೆಂಜರ್ಸ್’ ಎಂಬ ಹೆಸರು ಬಂದದ್ದು ಅದೇ ಉದ್ಯಮದ ‘ರಾಯಲ್ ಚಾಲೆಂಜ್’ ಎಂಬ ವಿಸ್ಕಿಯಿಂದ. ನಮ್ಮ ಎಷ್ಟು ಮನೆಗಳಿಗೆ ಇದು ಗೊತ್ತಿದೆ? ಟಿವಿಯಲ್ಲಿ ಮದ್ಯದ ಜಾಹೀರಾತನ್ನು ನೇರವಾಗಿ ತೋರಿಸುವಂತಿಲ್ಲ. ಆದ್ದರಿಂದ ಮದ್ಯದ ಹೆಸರು ಸೋಡಾದ ಬಾಟಲಿಯಾಗಿ ಬರುತ್ತದೆ, ಕುಡಿಯುವ ನೀರಾಗಿ ಬರುತ್ತದೆ, ಕ್ರಿಕೆಟ್ ತಂಡವಾಗಿಯೂ ಬರುತ್ತದೆ. ಬಾಟಲಿಯನ್ನು ಹೊಸ್ತಿಲು ದಾಟಲು ಬಿಡದ ಮನೆಯೊಳಗೆ ಬಾಟಲಿಯ ಹೆಸರು ಮಗನ ಎದೆಯ ಮೇಲೆ ಕುಳಿತು ಬಂದಿದೆ. ಜಾಹೀರಾತು ಹಾಕಲು ಕಂಪನಿಗಳು ಗೋಡೆಗೂ ಬಾಡಿಗೆ ಕೊಡುತ್ತವೆ. ನಾವೋ ನಮ್ಮ ಎದೆಯನ್ನು ಪುಕ್ಕಟೆಯಾಗಿ ಒಪ್ಪಿಸಿ, ಮೇಲೆ ಹಣವನ್ನೂ ತೆರುತ್ತಿದ್ದೇವೆ.

ಜೂಜಿನ ಕಥೆಯೂ ಇದೇ. 2023ರಿಂದ ಭಾರತ ತಂಡದ ಅಂಗಿಯ ಎದೆಯ ಮೇಲೆ ‘ಡ್ರೀಮ್11’ ಎಂಬ ಹೆಸರಿತ್ತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ಕಾನೂನು ಮಾಡಿ ನಿಷೇಧಿಸಿದ ಕೂಡಲೇ ಆ ಹೆಸರು ಅಂಗಿಯಿಂದ ಇಳಿಯಿತು. ನಮ್ಮ ಮಕ್ಕಳ ಪೆಟ್ಟಿಗೆಗಳಲ್ಲಿ ಮಾತ್ರ ಅದು ಇನ್ನೂ ಇದೆ. ದೇಶದ ಕಾನೂನು 2025ರಲ್ಲಿ ಹೇಳಿದ್ದನ್ನು ಪವಿತ್ರ ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಹೇಳಿತ್ತು. ಅಲ್ ಮಾಇದಃ ಅಧ್ಯಾಯದ 90ನೆಯ ಸೂಕ್ತಿಯು ಮದ್ಯವನ್ನೂ ಜೂಜನ್ನೂ ಒಂದೇ ಉಸಿರಿನಲ್ಲಿ ಶೈತಾನನ ಹೊಲಸು ಕೃತ್ಯವೆಂದು ಸಾರಿ, ಅವುಗಳಿಂದ ದೂರವಿರಲು ಆಜ್ಞಾಪಿಸಿದೆ. ದೂರವಿರುವುದೆಂದರೆ ಕುಡಿಯದಿರುವುದು, ಆಡದಿರುವುದು ಮಾತ್ರವೇ? ಅದರ ಹೆಸರನ್ನು ಊರ ತುಂಬ ಮೆರೆಸುವುದು ಯಾವ ಬಗೆಯ ದೂರ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ‘ಹೆಸರಿನಲ್ಲೇನಿದೆ? ಹುಡುಗರಿಗೆ ವಿಸ್ಕಿಯ ನೆನಪೂ ಬರುವುದಿಲ್ಲ.’ ಹಾಗಾದರೆ ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ ಅವರನ್ನು ನೋಡಿರಿ. ಅವರ ತಂಡದ ಪ್ರಾಯೋಜಕರು ಬಿಯರ್ ತಯಾರಕರಾಗಿದ್ದರು. ತಮ್ಮ ಅಂಗಿಯ ಮೇಲೆ ಆ ಲಾಂಛನ ಬೇಡವೆಂದು ಕೇಳಿಕೊಂಡು, ಅದಿಲ್ಲದೆಯೇ ಅವರು ಆಡಿದರು. ಅವರ ಆಟಕ್ಕೆ ಅದರಿಂದ ಕುಂದಾಗಲಿಲ್ಲ. 2012ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಔಟಾಗದೆ 311 ರನ್ ಗಳಿಸಿ, ತಮ್ಮ ದೇಶದ ಪರವಾಗಿ ಟೆಸ್ಟ್‌ನಲ್ಲಿ ಮೊದಲ ತ್ರಿಶತಕ ಬಾರಿಸಿದರು. ನ್ಯೂಝಿಲೆಂಡಿನ ರಗ್ಬಿ ಆಟಗಾರ ಸನ್ನಿ ಬಿಲ್ ವಿಲಿಯಮ್ಸ್ 2017ರಲ್ಲಿ ತಮ್ಮ ಅಂಗಿಯ ಕಾಲರಿನ ಮೇಲಿದ್ದ ಬ್ಯಾಂಕಿನ ಹೆಸರಿಗೆ ಪಟ್ಟಿ ಅಂಟಿಸಿ ಮೈದಾನಕ್ಕಿಳಿದರು. ಬಡ್ಡಿಯ ವ್ಯವಹಾರದ ಹೆಸರನ್ನು ಹೊರಲಾರೆ ಎಂಬುದು ಅವರ ನಿಲುವು. ಅಂಗಿ ತೊಡಲು ಹಣ ಪಡೆಯುವ ಆಟಗಾರನೇ ಬೇಡವೆನ್ನಬಲ್ಲನಾದರೆ, ಹಣ ಕೊಟ್ಟು ತೊಡುವ ನಮಗೆ ಯಾವ ಬಲವಂತವಿದೆ?

ಇನ್ನೊಂದು ಆಕ್ಷೇಪವನ್ನು ನಾವು ಗೌರವದಿಂದ ಕೇಳಬೇಕು. ‘ಈ ದಿನಗಳಲ್ಲಿ ಹಿಂದೂ-ಮುಸ್ಲಿಮ್ ಹುಡುಗರನ್ನು ಒಂದೇ ಬಣ್ಣದಲ್ಲಿ ನಿಲ್ಲಿಸಿರುವುದು ಈ ಅಂಗಿಯೊಂದೇ. ಅದನ್ನೂ ಕಿತ್ತುಕೊಳ್ಳುವಿರಾ?’ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಸ್ನೇಹ ಬೆಳೆಯುವುದು ಮೈದಾನದಲ್ಲಿ ಒಟ್ಟಿಗೆ ಬೆವರು ಸುರಿಸುವುದರಿಂದ. ಒಂದೇ ಅಂಗಡಿಯಲ್ಲಿ ಅಂಗಿ ಕೊಳ್ಳುವುದರಿಂದಲ್ಲ. ಈ ಅಂಗಿಯ ಸಂಬಂಧ ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮ ಹುಡುಗರ ಮೆಚ್ಚಿನ ಮುಹಮ್ಮದ್ ಸಿರಾಜ್ ಅವರೇ ಸಾಕ್ಷಿ. ಪಕ್ಕದ ಹೈದರಾಬಾದಿನ ಆಟೋ ಚಾಲಕರ ಮಗ 2018ರಿಂದ 2024ರವರೆಗೆ ಬೆಂಗಳೂರಿನ ಅಂಗಿ ತೊಟ್ಟು ಆಡಿದರು. ಹರಾಜಿನಲ್ಲಿ ಗುಜರಾತ್ ಅವರನ್ನು 12.25 ಕೋಟಿ ರೂಪಾಯಿಗೆ ಪಡೆಯಿತು. 2025ರ ಏಪ್ರಿಲ್‌ನಲ್ಲಿ ಅದೇ ಚಿನ್ನಸ್ವಾಮಿ ಮೈದಾನದಲ್ಲಿ ಅವರು ಬೆಂಗಳೂರಿನ ಮೂರು ವಿಕೆಟ್ ಕಿತ್ತರು. ಅವರದು ದುಡಿಮೆ, ಅದರಲ್ಲಿ ತಪ್ಪಿಲ್ಲ. ಆದರೆ ಆಟಗಾರ ಹರಾಜಿನಲ್ಲಿ ಬದಲಾಯಿಸುವ ಅಂಗಿಗಾಗಿ ನಮ್ಮ ಹುಡುಗರು ಗೆಳೆಯನೊಂದಿಗೆ ಜಗಳ ಕಾಯುತ್ತಾರಲ್ಲ, ಅದನ್ನು ಏನೆನ್ನೋಣ?

ಬುಖಾರಿಯಲ್ಲಿ ಬರುವ ಘಟನೆಯೊಂದನ್ನು ಇಲ್ಲಿ ನೆನೆಯಬೇಕು. ಅಸ್ಲಮ್ ಗೋತ್ರದವರು ಎರಡು ಗುಂಪಾಗಿ ಬಿಲ್ಲುಗಾರಿಕೆ ನಡೆಸುತ್ತಿದ್ದರು. ಆ ದಾರಿಯಲ್ಲಿ ಬಂದ ಪ್ರವಾದಿ(ಸ)ರು ಹುರಿದುಂಬಿಸುತ್ತಾ, ತಾವು ಒಂದು ಗುಂಪಿನ ಕಡೆ ಎಂದರು. ಕೂಡಲೇ ಇನ್ನೊಂದು ಗುಂಪು ಬಿಲ್ಲು ಕೆಳಗಿಳಿಸಿತು. ತಾವು ಅವರ ಕಡೆಗಿರುವಾಗ ನಾವು ಹೇಗೆ ಬಾಣ ಬಿಡಲಿ ಎಂದು ಕೇಳಿತು. ಆಗ ಪ್ರವಾದಿ(ಸ)ರು, ತಾವು ಎಲ್ಲರ ಜೊತೆಗಿರುವುದಾಗಿ ಹೇಳಿ ಆಟ ಮುಂದುವರಿಸಲು ಸೂಚಿಸಿದರು. ಪಕ್ಷ ವಹಿಸುವುದರಿಂದ ಆಟವೇ ನಿಲ್ಲುವುದಾದರೆ ಪಕ್ಷವನ್ನು ಬಿಡಬೇಕು, ಆಟವನ್ನಲ್ಲ ಎಂಬ ಪಾಠ ಇದರಲ್ಲಿದೆ.

ಬಟ್ಟೆಯ ಕುರಿತೂ ಒಂದು ಪಾಠವಿದೆ. ಚಿತ್ತಾರವಿದ್ದ ಹೊದಿಕೆಯೊಂದನ್ನು ಹೊದ್ದು ನಮಾಝ್ ಮಾಡಿದ ಪ್ರವಾದಿ(ಸ)ರು, ಅದರ ಚಿತ್ತಾರ ತಮ್ಮ ಗಮನ ಸೆಳೆಯಿತೆಂದು ಅದನ್ನು ಅಬೂ ಜಹ್ಮ್(ರ)ರಿಗೆ ಮರಳಿಸಿ, ಅವರ ಸಾದಾ ಹೊದಿಕೆಯನ್ನು ತರಿಸಿಕೊಂಡರು. ಈಗ ನಮ್ಮ ಜುಮಾದ ಸಾಲುಗಳನ್ನು ನೋಡಿರಿ. ಮುಂದಿನ ಸಾಲಿನ ಹುಡುಗ ರುಕೂಗೆ ಬಾಗಿದರೆ ಹಿಂದಿನವನ ಕಣ್ಣಿಗೆ ಬೀಳುವುದು ಆಟಗಾರನ ಹೆಸರು ಮತ್ತು ಅಂಕಿ. ಇದು ಹರಾಮೋ ಮಕ್ರೂಹೋ ಎಂದು ತೀರ್ಪು ನೀಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಉಲಮಾಗಳಿದ್ದಾರೆ. ಚಿತ್ತಾರವೇ ಪ್ರವಾದಿ(ಸ)ರಿಗೆ ಭಾರವಾಗಿತ್ತೆಂದರೆ ಜಾಹೀರಾತು ನಮಗೆ ಹಗುರವಾದದ್ದು ಹೇಗೆಂದಷ್ಟೇ ನಾವು ಕೇಳುತ್ತಿದ್ದೇವೆ.

2025ರ ಜೂನ್ 3ರಂದು ಬೆಂಗಳೂರು ತಂಡ ಅಹ್ಮದಾಬಾದಿನಲ್ಲಿ ಮೊದಲ ಬಾರಿಗೆ ಕಪ್ ಗೆದ್ದಿತು. ಮರುದಿನ ಅದೇ ಅಂಗಿಗಳ ಜನಸಾಗರ ಚಿನ್ನಸ್ವಾಮಿ ಮೈದಾನದ ದ್ವಾರಗಳಿಗೆ ನುಗ್ಗಿ, ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಯಾದಗಿರಿ ಜಿಲ್ಲೆಯ ಹುಡುಗನೊಬ್ಬನೂ ಇದ್ದ. ಬಕ್ರೀದ್‌ಗೆ ಮೂರು ದಿನ ಬಾಕಿಯಿತ್ತು. ಸತ್ತವರನ್ನು ದೂರುವುದು ನೀಚತನ. ಜನರನ್ನು ಕರೆದವರು, ದ್ವಾರ ಕಾಯಬೇಕಾದವರು ಉತ್ತರ ಹೇಳಲಿ. ಆದರೆ ಆ ಹುಡುಗನ ಎದೆಯಲ್ಲಿದ್ದ ಹಂಬಲ ನಮ್ಮ ಮನೆಯ ಹುಡುಗರ ಎದೆಯಲ್ಲೂ ಇದೆ. ‘ಕಪ್ ನಮ್ದೇ’ ಎಂದವರಲ್ಲಿ ಯಾದಗಿರಿಯ ಒಂದು ಮನೆಗೆ ಬಂದದ್ದು ಕಪ್ ಅಲ್ಲ, ಹೆಣ.

ಹುಡುಗನ ಅಂಗಿಯನ್ನು ಕಸಿದುಕೊಂಡರೆ ಈ ಹಂಬಲ ತೀರದು. ‘ನಾವು’ ಎನ್ನಲು ಅವನಿಗೆ ಬೇರೆ ಜಾಗ ಬೇಕು. ನಮ್ಮ ಮಸೀದಿ ಕಮಿಟಿಗಳಲ್ಲಿ ಇಪ್ಪತ್ತರ ಹುಡುಗನ ಮಾತಿಗೆ ಸ್ಥಾನವಿದೆಯೇ? ಮೊಹಲ್ಲಾದ ಮಕ್ಕಳಿಗೆ ಆಡಲು ಒಂದು ಬಯಲನ್ನು ಉಳಿಸಿದ್ದೇವೆಯೇ? ಹತ್ತಿ ಬೆಳೆಯುವ ಈ ಸೀಮೆಯಲ್ಲಿ, ಮನೆ ಮನೆಯಲ್ಲೂ ಹೊಲಿಗೆ ಯಂತ್ರವಿರುವ ನಮ್ಮ ಓಣಿಗಳಲ್ಲಿ, ನಮ್ಮ ಹುಡುಗರ ತಂಡಕ್ಕೆ ನಮ್ಮ ದರ್ಜಿಯೇ ಅಂಗಿ ಹೊಲಿಯಲಿ. ಅದರ ಮೇಲೆ ನಮ್ಮ ಊರಿನ ಹೆಸರಿರಲಿ. ಎಲ್ಲ ಸಮುದಾಯಗಳ ಹುಡುಗರು ಅದನ್ನು ತೊಟ್ಟು ತಾವೇ ಆಡಲಿ, ತಾವೇ ಗೆಲ್ಲಲಿ, ತಾವೇ ಸೋಲಲಿ. ಆಗ ‘ನಮ್ದೇ’ ಎಂಬ ಮಾತು ಸುಳ್ಳಾಗುವುದಿಲ್ಲ.

ಉಡುಪುಗಳಲ್ಲಿ ಶ್ರೇಷ್ಠವಾದುದು ತಕ್ವಾದ ಉಡುಪು ಎಂದು ಅಲ್ ಅಅ್‌ರಾಫ್ ಅಧ್ಯಾಯವು ನಮಗೆ ಕಲಿಸುತ್ತದೆ. ಮುಂದಿನ ಈದ್‌ಗೆ ಮಗನ ಕೈಹಿಡಿದು ಬಜಾರಿಗೆ ಹೋಗುವ ಪ್ರತಿಯೊಬ್ಬ ತಂದೆ-ತಾಯಿಯೂ, ಹಗ್ಗಕ್ಕೆ ತೂಗುವ ಆ ಅಂಗಿಯ ಮೇಲಿನ ಹೆಸರನ್ನು ಒಮ್ಮೆ ಮಗನಿಂದಲೇ ಓದಿಸಿ, ಅದು ಎಲ್ಲಿಂದ ಬಂದದ್ದೆಂದು ಹೇಳಿರಿ. ಆಯ್ಕೆಯನ್ನು ಆಮೇಲೆ ಅವನೊಂದಿಗೆ ಕೂಡಿಯೇ ಮಾಡಿರಿ. ನಮ್ಮ ಮಕ್ಕಳ ಎದೆಯೊಳಗಣ ಈಮಾನನ್ನೂ ಎದೆಯ ಮೇಲಣ ಮಾನವನ್ನೂ ಅಲ್ಲಾಹನು ಕಾಪಾಡಲಿ, ಆಮೀನ್.