ಕ್ಯಾಶುವಾಲ್ಟಿಯ ಬಾಗಿಲಲ್ಲಿ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ತಿಕೋಂಡಿಗೂ ನಮ್ಮ ಕಾಸರಗೋಡಿಗೂ ನೂರಾರು ಮೈಲಿಗಳ ಅಂತರ. ಕಷ್ಟ ಮಾತ್ರ ಒಂದೇ. ಮನೆಯಲ್ಲಿ ಕನ್ನಡವಾಡುವ ಅಲ್ಲಿಯ ರೈತನಿಗೆ ನಡುರಾತ್ರಿ ಹಾವು ಕಚ್ಚಿದರೆ ಜತ್ತಕ್ಕೋ ಮಿರಜ-ಸಾಂಗ್ಲಿಗೋ ಒಯ್ಯಬೇಕು. ಆಸ್ಪತ್ರೆಯ ಬಾಗಿಲಲ್ಲಿ ಎದುರಾಗುವುದು ಮರಾಠಿ. ನಮಗಿಲ್ಲಿ ಮಲಯಾಳ. ರೋಗಿಗೆ ಏನಾಗಿದೆ, ಇನ್ನೆಷ್ಟು ಹೊತ್ತು ಕಾಯಬೇಕು, ಏಕೆ ಕಾಯಬೇಕು ಎಂಬುದು ತಿಳಿಯದೆ ನಿಂತವನ ಸಂಕಟವನ್ನು ಈ ಎರಡು ಕಡೆಯವರಿಗೂ ವಿವರಿಸಬೇಕಾಗಿಲ್ಲ.

ಈ ಸಂಕಟವೇ ಕೆಲವೊಮ್ಮೆ ಕೈಯೆತ್ತಿಸುತ್ತದೆ. ಭಾಷೆ ಬಲ್ಲವರೂ ಕೈಯೆತ್ತುತ್ತಾರೆ, ಆ ಮಾತು ಬೇರೆ. ಆದರೆ ಏಟು ಬೀಳುವುದು ಯಾರ ಮೇಲೆ? ವೈದ್ಯರ ಹುದ್ದೆಯನ್ನು ಖಾಲಿ ಬಿಟ್ಟ ಅಧಿಕಾರಿ ರಾತ್ರಿ ಎರಡು ಗಂಟೆಗೆ ಅಲ್ಲಿರುವುದಿಲ್ಲ. ಇರುವವರು ದಾದಿ, ಅಟೆಂಡರ್ ಮತ್ತು ಈಚೆಗೆ ಕಾಲೇಜು ಮುಗಿಸಿದ ಕಿರಿಯ ವೈದ್ಯರು.

ಕ್ಯಾಶುವಾಲ್ಟಿಯ ಸರದಿ ರೇಷನ್ ಅಂಗಡಿಯ ಸರದಿಯಲ್ಲ. ಮೊದಲು ಬಂದವನಿಗೆ ಮೊದಲು ಎಂಬ ಲೆಕ್ಕ ಅಲ್ಲಿಲ್ಲ. ಪ್ರಾಣಕ್ಕೆ ಹೆಚ್ಚು ಅಪಾಯವಿದ್ದವನಿಗೆ ಮೊದಲು. ಕೈ ಮುರಿದು ಬೊಬ್ಬೆ ಹೊಡೆಯುವವನಿಗಿಂತ, ಮೂಲೆಯಲ್ಲಿ ಬೆವರಿಕೊಂಡು ಸುಮ್ಮನೆ ಕುಳಿತವನ ಸ್ಥಿತಿ ಗಂಭೀರವಾಗಿರಬಹುದು. ಇಷ್ಟನ್ನು ಮನೆಯವರಿಗೆ ಎರಡು ಮಾತಿನಲ್ಲಿ ತಿಳಿಸಿದರೆ ಎಷ್ಟೋ ಜಗಳ ಅಲ್ಲಿಗೇ ತಣ್ಣಗಾದೀತು. ತಿಳಿಸಲು ದಾದಿಗೆ ಪುರಸೊತ್ತಿಲ್ಲ. ತಿಳಿಸಿದರೂ ಅದು ನಮ್ಮ ಅಜ್ಜಿಗೆ ಅರ್ಥವಾಗುವ ಮಾತಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಆಸ್ಪತ್ರೆ ಸಿಬ್ಬಂದಿಯ ರಕ್ಷಣೆಗೆಂದು ಕರ್ನಾಟಕ 2009ರಲ್ಲಿ, ಮಹಾರಾಷ್ಟ್ರ 2010ರಲ್ಲಿ, ಕೇರಳ 2012ರಲ್ಲಿ ಕಾನೂನು ಮಾಡಿದವು. ಆದರೂ 2023ರ ಮೇ 10ರ ಮುಂಜಾನೆ ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಡಾ. ವಂದನಾ ದಾಸ್ ಕೊಲೆಯಾದರು. ಗಾಯದ ಚಿಕಿತ್ಸೆಗೆಂದು ಪೋಲೀಸರೇ ಕರೆತಂದಿದ್ದ ವ್ಯಕ್ತಿ ಅಲ್ಲಿಯ ಕತ್ತರಿಯಿಂದಲೇ ಇರಿದನೆಂಬುದು ಆರೋಪ. ಆತ ಶಾಲಾ ಅಧ್ಯಾಪಕ. ಪಾಠ ಹೇಳಿ ಬದುಕುವ ನಮಗೆ ಇದು ಇನ್ನಷ್ಟು ನಾಚಿಕೆಯ ಸಂಗತಿ. ಅದೇ ತಿಂಗಳು ಕೇರಳ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ತೀವ್ರ ಗಾಯಗೊಳಿಸಿದವರಿಗೆ 7 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಶಿಕ್ಷೆಯನ್ನು ಹೆಚ್ಚಿಸಿತು. ಕಾವಲುಗಾರರನ್ನೂ ಆಂಬುಲೆನ್ಸ್ ಚಾಲಕರನ್ನೂ ರಕ್ಷಣೆಯೊಳಗೆ ತಂದಿತು. ಸ್ವಾಗತಾರ್ಹವೇ. ಆದರೆ ಶಿಕ್ಷೆಯೆಂಬುದು ಏಟು ಬಿದ್ದ ಮೇಲಿನ ಮಾತು.

ಅಪಾಯ ಹೊರಗಿನಿಂದಲೇ ಬರುತ್ತದೆಂದೂ ಇಲ್ಲ. ಹೊನ್ನಾವರದ ಹಳದೀಪುರದಿಂದ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಗೆ ದಾದಿಯಾಗಿ ಹೋದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಹಲ್ಲೆ ಮಾಡಿದವನು ಅದೇ ಆಸ್ಪತ್ರೆಯ ಕೆಲಸಗಾರ. 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಅವರು ಅಲ್ಲೇ ಹಾಸಿಗೆ ಹಿಡಿದಿದ್ದರು. ಅಷ್ಟು ವರ್ಷವೂ ಉಣಿಸಿ, ಒರೆಸಿ ನೋಡಿಕೊಂಡವರು ಅಲ್ಲಿಯ ದಾದಿಯರು. ನಮ್ಮ ಓದುಗರ ಮನೆಗಳಿಂದಲೂ ಮಂಗಳೂರಿಗೆ, ಕೊಲ್ಲಿ ನಾಡುಗಳಿಗೆ ಇದೇ ಉದ್ಯೋಗಕ್ಕೆ ಹೋದ ಹೆಣ್ಣುಮಕ್ಕಳಿದ್ದಾರೆ.

ಕಾಸರಗೋಡಿನ ಸರಕಾರಿ ಕಚೇರಿಗಳಿಗೆ ಕನ್ನಡ-ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರನ್ನು ಪ್ರತ್ಯೇಕವಾಗಿ ಆರಿಸುವ ಕ್ರಮ ಪಬ್ಲಿಕ್ ಸರ್ವಿಸ್ ಕಮಿಷನ್‌ನಲ್ಲಿ ಉಂಟು. ಜಾಗದ ಕಾಗದಪತ್ರಕ್ಕೆ ಬೇಕಾದ ಭಾಷೆ ಜೀವಕ್ಕೆ ಬೇಡವೇ? ಜಿಲ್ಲೆಯ ತುರ್ತು ವಿಭಾಗಗಳಲ್ಲಿ, ರಾತ್ರಿ ಪಾಳಿಯಲ್ಲೂ, ಕನ್ನಡ ತಿಳಿದ ಒಬ್ಬರು ಬಾಗಿಲಲ್ಲಿರಬೇಕು. ಸರದಿಯ ಕ್ರಮವನ್ನು ಕನ್ನಡದಲ್ಲೂ ಬರೆಯಿಸಿ ತೂಗುಹಾಕಬೇಕು. ಜತ್ತದ ಕನ್ನಡಿಗರಿಗೂ ಮಹಾರಾಷ್ಟ್ರ ಸರಕಾರ ಇಷ್ಟನ್ನು ಮಾಡಿಕೊಡಲಿ.

ನಮ್ಮಿಂದ ಆಗಬೇಕಾದದ್ದೂ ಇದೆ. ರೋಗಿಯ ಸಂಗಡ ಜೀಪು ತುಂಬ ಜನ ಒಳನುಗ್ಗುವ ಪದ್ಧತಿ ನಿಲ್ಲಬೇಕು. ಆರೈಕೆಗೆ ಒಬ್ಬರು, ಮಾತಾಡಲು ಭಾಷೆ ಬಲ್ಲ ಇನ್ನೊಬ್ಬರು ಸಾಕು. ಉಳಿದವರಿಗೆ ಸುಮ್ಮನೆ ನಿಲ್ಲಲಾಗದಿದ್ದರೆ, ರಕ್ತ ಕೊಡುವ ಕೋಣೆಯ ಮುಂದೆ ಸಾಲು ನಿಲ್ಲಲಿ.