ತಡೆಯನ್ನು ಅರಿಯದೆ ವೇಗವನ್ನು ಬಯಸುವುದೇಕೆ?

ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಈ ಲೇಖನಕ್ಕೆ ಕಾರಣವಾಯಿತು. ಕಾಲೇಜಿನಲ್ಲಿ ಓದುತ್ತಿರುವ ನನ್ನ ಅಣ್ಣನ ಮಗನು ರಾಸ್ಪ್‌ಬೆರಿ ಪೈ ೪ ಎಂಬ ಪುಟ್ಟ ಗಣಕವನ್ನು ಟೆಲಿವಿಷನ್ನಿಗೆ ಜೋಡಿಸಿ, ಕೋಡಿ ಎಂಬ ತಂತ್ರಾಂಶವನ್ನು ಅದರಲ್ಲಿ ಅಳವಡಿಸಿ, ಮನೆಯವರೆಲ್ಲರೂ ಚಲನಚಿತ್ರ, ಸಂಗೀತ, ಮನೆತನದ ಛಾಯಾಚಿತ್ರ ಇವುಗಳನ್ನು ನೋಡಿ ಕೇಳಿ ಆನಂದಿಸುವಂತೆ ಏರ್ಪಾಡು ಮಾಡಿದ್ದನು. ಎರಡು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನದಿಂದ ಚಿತ್ರವು ನಡುನಡುವೆ ತಡವರಿಸತೊಡಗಿತು. “ಪ್ರೊಸೆಸರಿನ ವೇಗ ಸಾಲದು ಚಿಕ್ಕಪ್ಪ, ಏರಿಸಬೇಕು” ಎಂದನು, ಏರಿಸಿದನು. ತಡವರಿಕೆಯು ಇನ್ನೂ ಹೆಚ್ಚಾಯಿತು. “ಹಾಗಾದರೆ ಹೊಸ ಗಣಕವನ್ನೇ ಕೊಳ್ಳಬೇಕು” ಎಂದನು. ಹಣವನ್ನು ತೆರುವ ಮುನ್ನ ಒಂದು ವಾರ ಕಾಲ ಪರೀಕ್ಷಿಸಿ ನೋಡೋಣವೆಂದು ನಾನು ತಡೆದೆನು. ಕೊನೆಗೆ ದೋಷವು ಸಿಕ್ಕಿದುದು ಹಳೆಯ ಮೊಬೈಲ್ ಚಾರ್ಜರಿನ ಒಂದು ಸಪೂರವಾದ ತಂತಿಯಲ್ಲಿ!

ಈ ಹುಡುಗನೇನೂ ದಡ್ಡನಲ್ಲ. ಓಮನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದು ಅಂಕ ಗಳಿಸಿದವನೇ. ಆದರೆ ಆ ನಿಯಮವು ತನ್ನ ಟೆಲಿವಿಷನ್ನಿನ ಹಿಂದೆಯೇ ಕುಳಿತು ಕೆಲಸ ಮಾಡುತ್ತಿದೆಯೆಂಬುದು ಅವನಿಗೆ ಹೊಳೆಯಲಿಲ್ಲ. ಯಂತ್ರವು ನಿಧಾನವಾದೊಡನೆ ವೇಗವನ್ನು ಏರಿಸುವುದು, ಅದೂ ಸಾಲದಾದರೆ ಯಂತ್ರವನ್ನೇ ಬದಲಿಸುವುದು, ಇದು ಇಂದಿನ ತರುಣರಲ್ಲಿ ಬೇರೂರುತ್ತಿರುವ ಒಂದು ಅಭ್ಯಾಸ. ಇದು ಹಣದ ನಷ್ಟ ಮಾತ್ರವಲ್ಲ, ವಿದ್ಯೆಯ ನಷ್ಟವೂ ಹೌದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಗಣಕದ ಹುಟ್ಟನ್ನು ನೆನೆದರೆ ಮಾತಿನ ತಾತ್ಪರ್ಯ ಸ್ಪಷ್ಟವಾಗುತ್ತದೆ. ೨೦೧೨ರ ಫೆಬ್ರವರಿ ೨೯ರಂದು ಇಂಗ್ಲೆಂಡಿನ ಕೇಂಬ್ರಿಜ್ ನಗರದ ರಾಸ್ಪ್‌ಬೆರಿ ಪೈ ಪ್ರತಿಷ್ಠಾನವು ಇದನ್ನು ಹೊರತಂದಾಗ ಅದರ ಬೆಲೆ ೩೫ ಡಾಲರು. ಇಸ್ಪೀಟು ಎಲೆಯಷ್ಟು ಅಗಲದ ಒಂದೇ ಫಲಕದ ಮೇಲೆ ಗಣಕದ ಮುಖ್ಯ ಅಂಗಗಳೆಲ್ಲವೂ ಇದ್ದುವು. ಪ್ರೊಸೆಸರಿನ ವೇಗ ೭೦೦ ಮೆಗಾಹರ್ಟ್ಸ್, ಸ್ಮೃತಿಯು ೨೫೬ ಮೆಗಾಬೈಟು. ಗಣಕದ ಒಳಗೆ ಏನು ನಡೆಯುತ್ತದೆಂಬುದನ್ನು ಮಕ್ಕಳು ಕೈಯಾರೆ ಮಾಡಿ ಕಲಿಯಲೆಂಬುದೇ ನಿರ್ಮಾಪಕರ ಉದ್ದೇಶವಾಗಿತ್ತು. ಕೋಡಿ ತಂತ್ರಾಂಶವಾದರೋ ಈ ಶತಮಾನದ ಆರಂಭದಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಬರೆದುದು. ಅದಕ್ಕೆ ಈಗಿನ ಹೆಸರು ಬಂದುದು ೨೦೧೪ರಲ್ಲಿ. ಕಲಿಯಲೆಂದು ಮಾಡಿದ ಯಂತ್ರ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ತಂತ್ರಾಂಶ, ಇವೆರಡೂ ಕೈಯಲ್ಲಿರುವಾಗ ಕಣ್ಣುಮುಚ್ಚಿ ವೇಗವನ್ನು ಏರಿಸುವುದು ಎಷ್ಟರ ಮಟ್ಟಿಗೆ ಸರಿ?

ಇನ್ನು ಈ ಯಂತ್ರದ ಮುಂದಿರುವ ಕೆಲಸವಾದರೂ ಎಂತಹುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಚಿತ್ರದ ಒಂದು ಚೌಕಟ್ಟಿನಲ್ಲಿ ೧೯೨೦ ಅಡ್ಡ ಬಿಂದುಗಳೂ ೧೦೮೦ ಉದ್ದ ಬಿಂದುಗಳೂ ಇದ್ದರೆ ಒಟ್ಟು ೨೦,೭೩,೬೦೦ ಬಿಂದುಗಳಾದುವು. ಪ್ರತಿ ಬಿಂದುವಿನ ಬಣ್ಣಕ್ಕೆ ೨೪ ಬಿಟ್ಟು, ಸೆಕೆಂಡಿಗೆ ೨೪ ಚೌಕಟ್ಟು ಎಂದರೆ ಸೆಕೆಂಡಿಗೆ ಸುಮಾರು ೧೧೯ ಕೋಟಿ ಬಿಟ್ಟುಗಳು ಬೇಕಾಗುತ್ತವೆ. ಆದರೆ ಎರಡು ಗಂಟೆಯ ಚಿತ್ರವು ೮ ಗಿಗಾಬೈಟಿನ ಕಡತದಲ್ಲಿ ಅಡಗಿದ್ದರೆ ಸೆಕೆಂಡಿಗೆ ಬರುವುದು ಸುಮಾರು ೯೦ ಲಕ್ಷ ಬಿಟ್ಟು ಮಾತ್ರ. ನೂರಮೂವತ್ತು ಪಟ್ಟು ಅದುಮಿಟ್ಟ ಚಿತ್ರವನ್ನು ಮತ್ತೆ ಬಿಡಿಸುವ ಈ ಕೆಲಸವನ್ನು ಸಾಮಾನ್ಯ ಪ್ರೊಸೆಸರಿಗೆ ವಹಿಸದೆ, ಅದಕ್ಕೆಂದೇ ರಚಿಸಿದ ಒಂದು ವಿಶೇಷ ವಿದ್ಯುನ್ಮಂಡಲಕ್ಕೆ ವಹಿಸುವುದು ವಾಡಿಕೆ. ಚಿತ್ರವನ್ನು ಅದುಮಿದ ಕ್ರಮವು ಆ ಮಂಡಲಕ್ಕೆ ತಿಳಿದಿದ್ದರೆ ಪ್ರೊಸೆಸರು ಬಹುಮಟ್ಟಿಗೆ ಕೈಕಟ್ಟಿ ಕುಳಿತಿರುತ್ತದೆ. ತಿಳಿಯದಿದ್ದರೆ ಹೊರೆಯೆಲ್ಲವೂ ಪ್ರೊಸೆಸರಿನ ತಲೆಯ ಮೇಲೆ ಬೀಳುತ್ತದೆ. ಪೈ ೩ರ ವಿಶೇಷ ಮಂಡಲಕ್ಕೆ ಎಚ್.೨೬೪ ಕ್ರಮವು ಗೊತ್ತು, ಎಚ್‌ಇವಿಸಿ ಕ್ರಮವು ಗೊತ್ತಿಲ್ಲ. ೨೦೧೯ರ ಪೈ ೪ಕ್ಕೆ ಎರಡೂ ಗೊತ್ತು. ೨೦೨೩ರಲ್ಲಿ ಬಂದ ಪೈ ೫ರಲ್ಲಿ ಎಚ್.೨೬೪ರ ಮಂಡಲವನ್ನೇ ಕೈಬಿಟ್ಟು, ಆ ಕೆಲಸವನ್ನು ಬಲಿಷ್ಠವಾದ ಹೊಸ ಪ್ರೊಸೆಸರಿಗೆ ಬಿಟ್ಟಿದ್ದಾರೆ. ಹೊಸತೆಲ್ಲವೂ ಎಲ್ಲ ವಿಷಯದಲ್ಲಿಯೂ ಮೇಲೆಂಬ ಭ್ರಮೆಗೆ ಇದಕ್ಕಿಂತ ಉತ್ತರ ಬೇಕೆ?

ಕೆರೆಯ ನೀರು ಕೊನೆಯ ಗದ್ದೆಗೆ ಬಾರದಿದ್ದರೆ ನೀರಗಂಟಿಯು ಕೆರೆಯನ್ನು ದೊಡ್ಡದು ಮಾಡಲು ಹೊರಡುವುದಿಲ್ಲ. ಗುದ್ದಲಿಯನ್ನು ಹೆಗಲಿಗೇರಿಸಿ ಕಾಲುವೆಯ ಉದ್ದಕ್ಕೂ ನಡೆದು, ಎಲ್ಲಿ ಹೂಳು ತುಂಬಿದೆಯೆಂದು ನೋಡುತ್ತಾನೆ. ಇದೇ ವಿವೇಕವನ್ನು ೧೯೬೭ರಲ್ಲಿ ಜೀನ್ ಆಮ್ಡಾಲ್ ಎಂಬ ಗಣಕ ತಜ್ಞನು ಗಣಕಗಳಿಗೆ ಅನ್ವಯಿಸಿ ತೋರಿಸಿದನು. ಚಿತ್ರಗಳ ಪಟ್ಟಿ ತೆರೆಯಲು ೧೦ ಸೆಕೆಂಡು ಹಿಡಿಯುತ್ತದೆಯೆಂದೂ, ಅದರಲ್ಲಿ ೮ ಸೆಕೆಂಡು ಎಸ್‌ಡಿ ಕಾರ್ಡಿನಿಂದ ಓದುವುದಕ್ಕೆ, ೨ ಸೆಕೆಂಡು ಪ್ರೊಸೆಸರಿನ ಕೆಲಸಕ್ಕೆ ಸಲ್ಲುತ್ತದೆಯೆಂದೂ ಇಟ್ಟುಕೊಳ್ಳೋಣ. ಪ್ರೊಸೆಸರಿನ ವೇಗವನ್ನು ೧.೫ ಗಿಗಾಹರ್ಟ್ಸಿನಿಂದ ೧.೮ಕ್ಕೆ ಏರಿಸಿದರೆ ಉಳಿಯುವುದು ಒಂದು ಸೆಕೆಂಡಿನ ಮೂರನೆಯ ಒಂದು ಭಾಗ ಮಾತ್ರ. ಕಾರ್ಡಿಗೆ ಬದಲಾಗಿ ಎರಡು ಪಟ್ಟು ಬೇಗ ಓದಬಲ್ಲ ಸಂಗ್ರಾಹಕವನ್ನು ಜೋಡಿಸಿದರೆ ೪ ಸೆಕೆಂಡು ಉಳಿಯುತ್ತದೆ. ಯಾವುದು ಹೆಚ್ಚು ಕಾಲವನ್ನು ನುಂಗುತ್ತಿದೆಯೋ ಅದನ್ನು ತಿದ್ದಿದರೆ ಮಾತ್ರ ಫಲ.

ವೇಗವನ್ನು ಏರಿಸುವುದರಿಂದ ನಷ್ಟವೇನು ಎಂದು ಕೇಳಬಹುದು. ಪ್ರೊಸೆಸರು ಬಳಸುವ ಶಕ್ತಿಯು ಬಹುಪಾಲು ಅದರ ಆವೃತ್ತಿಗೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ನೂರಕ್ಕೆ ೨೦ರಷ್ಟು, ಅದನ್ನು ತಾಳಲು ವೋಲ್ಟೇಜನ್ನು ನೂರಕ್ಕೆ ೧೦ರಷ್ಟು ಏರಿಸಿದರೆ ಶಾಖವು ನೂರಕ್ಕೆ ೪೫ರಷ್ಟು ಹೆಚ್ಚುತ್ತದೆ. ಚಿಪ್ಪಿನ ಉಷ್ಣತೆ ೮೦ ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಪೈ ೪ ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೇಸಗೆಯಲ್ಲಿ ವೇಗವನ್ನು ಏರಿಸಿದವನು ಹೀಗೆ ನಿಧಾನವನ್ನೇ ಸಂಪಾದಿಸುತ್ತಾನೆ.

ನಮ್ಮ ಮನೆಯ ಪ್ರಸಂಗಕ್ಕೆ ಮರಳೋಣ. ಆ ಗಣಕಕ್ಕೆ ನಿರ್ಮಾಪಕರು ಸೂಚಿಸುವುದು ೫.೧ ವೋಲ್ಟಿನಲ್ಲಿ ೩ ಆಂಪಿಯರು ಕೊಡಬಲ್ಲ ವಿದ್ಯುತ್ ಸಾಧನವನ್ನು. ಸಪೂರವಾದ ತಂತಿಯ ರೋಧವು ೦.೩ ಓಮ್ ಎಂದು ಭಾವಿಸಿ, ೧.೫ ಆಂಪಿಯರು ಹರಿದಾಗ ೦.೪೫ ವೋಲ್ಟು ತಂತಿಯಲ್ಲಿಯೇ ಕರಗಿಹೋಗುತ್ತದೆ. ಚಾರ್ಜರಿನಿಂದ ಹೊರಟ ೫ ವೋಲ್ಟು ಗಣಕವನ್ನು ಮುಟ್ಟುವಾಗ ೪.೫೫ ಆಗಿರುತ್ತದೆ. ೪.೬೩ಕ್ಕಿಂತ ಕೆಳಗಿಳಿದರೆ ಗಣಕವು ಎಚ್ಚರಿಕೆಯನ್ನು ಕೊಟ್ಟು ವೇಗವನ್ನು ತಗ್ಗಿಸುತ್ತದೆ. ಪರದೆಯ ಅಂಚಿನಲ್ಲಿ ಆಗಾಗ ತೋರುತ್ತಿದ್ದ ಮಿಂಚಿನ ಗುರುತನ್ನು ನಾವೆಲ್ಲರೂ ಅಲಂಕಾರವೆಂದೇ ಬಗೆದಿದ್ದೆವು! ಹುಡುಗನು ವೇಗವನ್ನು ಏರಿಸಿದಾಗ ವಿದ್ಯುತ್ ಪ್ರವಾಹವೂ ಏರಿತು, ತಂತಿಯಲ್ಲಿ ನಷ್ಟವೂ ಏರಿತು. ಆದುದರಿಂದಲೇ ತಡವರಿಕೆ ಹೆಚ್ಚಿದುದು. ಸರಿಯಾದ ತಂತಿಯನ್ನು ಹಾಕಿ, ಏರಿಸಿದ ವೇಗವನ್ನು ಇಳಿಸಿದ ಮೇಲೆ ಚಿತ್ರವು ಸರಾಗವಾಗಿ ನಡೆಯಿತು.

ಎಲ್ಲರ ಮನೆಯಲ್ಲಿಯೂ ದೋಷವು ತಂತಿಯಲ್ಲಿಯೇ ಇರಬೇಕೆಂದಿಲ್ಲ. ಗೋಡೆಗಳ ಆಚೆಯಿಂದ ಬರುವ ವೈ-ಫೈ ಸಂಕೇತವು ಆಗಾಗ ಕಡಿದುಹೋಗುತ್ತಿದ್ದರೆ, ಸೆಕೆಂಡಿಗೆ ೧೦ ಕೋಟಿ ಬಿಟ್ಟು ಸಾಗಿಸುವ ಸಾಮಾನ್ಯ ತಂತಿಯ ಸಂಪರ್ಕವೇ ಮೇಲೆ ಹೇಳಿದ ಚಿತ್ರಕ್ಕೆ ಧಾರಾಳವಾಗಿ ಸಾಕು. ಸೆಕೆಂಡಿಗೆ ೨೪ ಚೌಕಟ್ಟಿನ ಚಿತ್ರವನ್ನು ೫೦ ಬಾರಿ ಹೊಸದಾಗುವ ಪರದೆಯಲ್ಲಿ ತೋರಿಸಿದರೆ ೨೨ ಚೌಕಟ್ಟು ಎರಡೆರಡು ಬಾರಿ, ಉಳಿದ ೨ ಮೂರುಮೂರು ಬಾರಿ ಕಾಣಬೇಕಾಗುತ್ತದೆ. ಆ ಕುಲುಕಾಟವನ್ನು ಎಂತಹ ವೇಗದ ಪ್ರೊಸೆಸರೂ ನಿವಾರಿಸದು. ಪರದೆಯ ಆವೃತ್ತಿಯು ಚಿತ್ರವನ್ನು ಅನುಸರಿಸುವಂತೆ ಕೋಡಿಯಲ್ಲಿ ಗೊತ್ತುಪಡಿಸಿದರೆ ಸಾಕು.

ಇದಕ್ಕೆ ಇಬ್ಬರ ಆಕ್ಷೇಪವನ್ನು ಊಹಿಸಬಲ್ಲೆ. “ಇಷ್ಟೆಲ್ಲ ಶ್ರಮವೇಕೆ? ಸಿದ್ಧ ಯಂತ್ರವನ್ನು ಕೊಂಡರಾಯಿತು” ಎಂಬುದು ಒಬ್ಬರ ಮಾತು. ಚಿತ್ರ ನೋಡುವುದಷ್ಟೇ ಬೇಕಾದವರಿಗೆ ಈ ಮಾತು ಸರಿಯೇ. ಅವರೊಡನೆ ನನಗೆ ವಾದವಿಲ್ಲ. “ವೇಗವನ್ನು ಏರಿಸಿ ನೋಡುವುದೂ ಒಂದು ಪ್ರಯೋಗವಲ್ಲವೆ?” ಎಂಬುದು ಇನ್ನೊಬ್ಬರ ಮಾತು. ಅಹುದು, ಆದರೆ ಮೊದಲು ಅಳೆದು, ಒಂದೇ ಒಂದನ್ನು ಬದಲಿಸಿ, ಮತ್ತೆ ಅಳೆದರೆ ಮಾತ್ರ ಅದು ಪ್ರಯೋಗವೆನಿಸಿಕೊಳ್ಳುತ್ತದೆ. ಐದನ್ನು ಒಟ್ಟಿಗೆ ಬದಲಿಸಿ, ಗುಣವಾಯಿತೆಂದು ಹಿಗ್ಗುವವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯದು.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಯಂತ್ರವು ತಡವರಿಸಿದಾಗ ಒಂದು ನೋಟುಪುಸ್ತಕವನ್ನು ತೆರೆಯಿರಿ. ಉಷ್ಣತೆಯೆಷ್ಟು, ವೋಲ್ಟೇಜಿನ ಎಚ್ಚರಿಕೆ ಇದೆಯೆ, ಚಿತ್ರವನ್ನು ಬಿಡಿಸುತ್ತಿರುವುದು ವಿಶೇಷ ಮಂಡಲವೋ ಪ್ರೊಸೆಸರೋ, ಕಡತವು ಯಾವ ದಾರಿಯಿಂದ ಬರುತ್ತಿದೆ, ಈ ನಾಲ್ಕನ್ನು ಬರೆದುಕೊಳ್ಳಿರಿ. ಹೊಸದನ್ನು ಕೊಳ್ಳುವ ಯೋಚನೆ ಅನಂತರ ಬರಲಿ. ನಮ್ಮ ಹುಡುಗನು ಉಳಿಸಿದ ಹಣವು ದೊಡ್ಡದೇನಲ್ಲ. ಆದರೆ ಪಠ್ಯಪುಸ್ತಕದ ಓಮನ ನಿಯಮವು ಅಂದಿನಿಂದ ಅವನ ಸ್ವಂತದ್ದಾಯಿತು.